ಬಂಡಿಯಲ್ಲಿ ಒಯ್ಯುವ ಹಂಚು

ಮಾಘಮಾಸ ಹತ್ತಿರವಾದೊಡನೆ ನಮ್ಮ ಕಡೆಯ ಹಳ್ಳಿಗಳಲ್ಲಿ ಚಕ್ಕಡಿಗಳ ಗಾಲಿಗೆ ಎಣ್ಣೆ ಬೀಳುತ್ತದೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬಂಡಿಯ ಮೇಲೆ ಕೊಲ್ಲಾರಿ. ಪಯಣ ಉಳವಿಗೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ಷೋಭೆಯ ತರುವಾಯ ಶರಣರನ್ನು ಕೂಡಿಕೊಂಡು ಬಂದ ಚೆನ್ನಬಸವಣ್ಣನವರು ಅಲ್ಲಿ ಐಕ್ಯರಾದರೆಂಬುದು ಭಕ್ತರ ನಂಬಿಕೆ. ಆ ಕ್ಷೇತ್ರವಿರುವುದು ಉತ್ತರ ಕನ್ನಡ ಜಿಲ್ಲೆಯ ದಟ್ಟ ಕಾಡಿನ ನಡುವೆ. ಹಳಿಯಾಳ, ದಾಂಡೇಲಿಗಳನ್ನು ಹಾದು ಎತ್ತಿನ ಹೆಜ್ಜೆಯಲ್ಲಿ ಹೋಗುವವರಿಗೆ ದಾರಿಯಲ್ಲಿ ಹಲವು ವಸತಿಗಳು, ವಸತಿಗೊಂದು ಒಲೆ, ಒಲೆಗೊಂದು ಹಂಚು.

ಪಟ್ಟಣವಾಸಿಗಳಾದ ತಮಗೆ ಚಕ್ಕಡಿ ಕಟ್ಟುವ ಪ್ರಸಂಗ ಬಾರದಿರಬಹುದು. ಆದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ, ಯಲ್ಲಾಪುರದ ಕಡೆಯ ಜಲಪಾತಗಳಿಗೋ ಮನೆಮಂದಿಯೆಲ್ಲ ಮೋಟಾರಿನಲ್ಲಿ ಹೊರಟು, ಬಯಲಿನಲ್ಲಿ ಒಲೆ ಹೂಡಿ ಉಣ್ಣುವ ಹವ್ಯಾಸ ಈಗ ಬೆಳೆದಿದೆ. ಹಿಟ್ಟು, ಬೆಲ್ಲ, ಶೇಂಗಾ ಚಟ್ನಿಗಳನ್ನು ನೆನಪಿಟ್ಟು ಕಟ್ಟಿಕೊಳ್ಳುವ ನಾವು ಹಂಚಿನ ವಿಷಯದಲ್ಲಿ ಮಾತ್ರ ‘ಯಾವುದಾದರೇನು’ ಎಂದುಬಿಡುತ್ತೇವೆ. ಹಾಗೆಂದವರಲ್ಲಿ ನಾನೂ ಒಬ್ಬ. ಆದುದರಿಂದಲೇ ಈ ನಾಲ್ಕು ಮಾತು.

ಕೆಲವು ವರ್ಷಗಳ ಹಿಂದೆ ನಮ್ಮ ದೇವಿಕೊಪ್ಪದಿಂದ ಎರಡು ಬಂಡಿಗಳಲ್ಲಿ ಹದಿಮೂರು ಜನ ಉಳವಿಗೆ ಹೊರಟೆವು. ಭಾರ ಕಡಿಮೆಯಾಗಲೆಂದು ಮನೆಯ ಹಳೆಯ ಕಬ್ಬಿಣದ ಹಂಚನ್ನು ಇಳಿಸಿ, ಪೇಟೆಯಿಂದ ತಂದ ಹೊಸ ತವೆಯೊಂದನ್ನು ನಾನೇ ಬಂಡಿಗೆ ಏರಿಸಿದೆ. ತೆಳುವಾದ ಅಲ್ಯುಮಿನಿಯಂ, ಮೇಲೆ ಕಪ್ಪು ಲೇಪ, ಪ್ಲಾಸ್ಟಿಕ್ ಹಿಡಿ. ಮೊದಲನೆಯ ವಸತಿಯಲ್ಲಿ ಮೂರು ಕಲ್ಲು ಹೂಡಿ ಅತ್ತಿಗೆಯವರು ರೊಟ್ಟಿಗೆ ಕುಳಿತರು. ಕಟ್ಟಿಗೆ ಭುಗಿಲೆಂದಾಗ ರೊಟ್ಟಿ ಕರಿಕಾಯಿತು. ಉರಿ ತಗ್ಗಿದಾಗ ಹಸಿಯಾಗಿಯೇ ಉಳಿಯಿತು. ಹತ್ತನೆಯ ರೊಟ್ಟಿಯ ಹೊತ್ತಿಗೆ ಹಿಡಿ ಮೆತ್ತಗಾಗಿ ಜೋತುಬಿದ್ದಿತು. ಲೇಪದಿಂದ ಕಟುವಾದ ವಾಸನೆ ಎದ್ದಿತು. ಹುಡುಗರು ಹಸಿದುಕೊಂಡೇ ತೂಕಡಿಸತೊಡಗಿದರು. ಅತ್ತಿಗೆಯವರು ಸಿಟ್ಟಾಗಲಿಲ್ಲ. “ನೀವು ಸಾಲ್ಯಾಗ ಏನರ ಕಲಸ್ರಿ, ಹಂಚ ಮಾತ್ರ ನನ್ನ ಕೇಳಿ ತರ್ರಿ” ಎಂದಷ್ಟೇ ಹೇಳಿ, ಪಕ್ಕದ ಬಂಡಿಯವರಿಂದ ಕಬ್ಬಿಣದ ಹಂಚೊಂದನ್ನು ಎರವಲು ತರಿಸಿಕೊಂಡರು.

ಒಂದು ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಿರಿ. ಹದಿಮೂರು ಜನಕ್ಕೆ ತಲೆಗೆ ಮೂರರಂತೆ ಸುಮಾರು 40 ರೊಟ್ಟಿ. ರೊಟ್ಟಿಯೊಂದಕ್ಕೆ 2 ನಿಮಿಷ ಹಿಡಿದರೆ 80 ನಿಮಿಷ. 4 ನಿಮಿಷ ಹಿಡಿದರೆ 2 ಗಂಟೆ 40 ನಿಮಿಷ. ಹಗಲೆಲ್ಲ ಬಂಡಿಯಲ್ಲಿ ಕುಲುಕಾಡಿ ಬಂದ ಹೆಣ್ಣುಮಗಳು ಹೊಗೆಯ ಮುಂದೆ ಮತ್ತೆ ಒಂದೂಕಾಲು ಗಂಟೆ ಹೆಚ್ಚಾಗಿ ಕುಳಿತಿರಬೇಕೇ ಬೇಡವೇ ಎಂಬುದನ್ನು ಹಂಚೇ ನಿರ್ಣಯಿಸುತ್ತದೆ. ಆರಿಸುವವರು ಬಹುಮಟ್ಟಿಗೆ ಗಂಡಸರು, ಬೇಯಿಸುವವರು ಹೆಂಗಸರು. ತಪ್ಪು ನಡೆಯುವುದು ಇಲ್ಲಿಯೇ.

ರೊಟ್ಟಿ ಬೇಯುವ ಬಗೆಯನ್ನು ತಿಳಿದರೆ ಹಂಚಿನ ಗುಣ ತಾನೇ ತಿಳಿಯುತ್ತದೆ. ಗೋದಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಹಾಕಿ ಕಲಸಿದಾಗ ಹಿಟ್ಟಿನ ಪಿಷ್ಟ ಅರೆಬೆಂದು, ಅದೇ ಅಂಟಾಗಿ ಹಿಡಿದುಕೊಳ್ಳುತ್ತದೆ. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತೇವೆ. ಕೆಳಮೈ ಬೇಗನೆ ಬಿಗಿದು ಪದರಾಗಬೇಕು. ಒಳಗಿನ ನೀರು ಆವಿಯಾಗಿ ಹೊರಬೀಳಲು ದಾರಿ ಕಾಣದೆ ರೊಟ್ಟಿಯನ್ನು ಉಬ್ಬಿಸಬೇಕು. ಕಾವು ಸಾಲದಿದ್ದರೆ ಮೈ ನಿಧಾನವಾಗಿ ಒಣಗಿ ಬಿರಿಯುತ್ತದೆ; ಬಿರುಕಿನಿಂದ ಆವಿ ಹೊರಟುಹೋಗುತ್ತದೆ; ಉಳಿಯುವುದು ಚರ್ಮದಂತಹ ಒಂದು ವಸ್ತು. ಕುದಿಯುವ ಶಾಖದಲ್ಲಿರುವ ನೀರಿನ ಒಂದೊಂದು ಗ್ರಾಮೂ ಆವಿಯಾಗಲು ಮತ್ತೆ ಸುಮಾರು 540 ಕ್ಯಾಲರಿ ಉಷ್ಣವನ್ನು ನುಂಗುತ್ತದೆ. ಹಸಿರೊಟ್ಟಿ ಬಿದ್ದ ಗಳಿಗೆಯಲ್ಲಿ ಈ ಉಷ್ಣವನ್ನು ಕೊಡಬೇಕಾದುದು ಕೆಳಗಿನ ಉರಿಯಲ್ಲ, ಹಂಚು ಮೊದಲೇ ಕೂಡಿಟ್ಟುಕೊಂಡ ಕಾವು. ಸಂಸಾರಿಗೆ ಕಷ್ಟಕಾಲದಲ್ಲಿ ಗಂಟು ಹೇಗೋ, ಹಂಚಿಗೆ ಈ ಕಾವು ಹಾಗೆ.

ಅಲ್ಯುಮಿನಿಯಂ ಕೆಟ್ಟ ಲೋಹವಲ್ಲ. ಅದು ಶಾಖವನ್ನು ಕಬ್ಬಿಣಕ್ಕಿಂತ ಎಷ್ಟೋ ಬೇಗ ಹರಡುತ್ತದೆ. ಆದರೆ ಒಂದೇ ಅಳತೆಯ, ಒಂದೇ ದಪ್ಪದ ಎರಡು ಹಂಚುಗಳನ್ನು ತೆಗೆದುಕೊಂಡರೆ ಕಬ್ಬಿಣದ್ದು ಅದರ ಸುಮಾರು ಒಂದೂವರೆ ಪಾಲು ಕಾವನ್ನು ಹಿಡಿದಿಡುತ್ತದೆ. ಮೇಲಾಗಿ ತೆಳುವಾದ ಅಲ್ಯುಮಿನಿಯಂ ಉರಿಯ ಮಾತನ್ನು ಕೂಡಲೇ ಕೇಳುವ ಸ್ವಭಾವದ್ದು. ಮನೆಯ ಗ್ಯಾಸಿನ ಒಲೆಯಲ್ಲಿ ಉರಿ ಒಂದೇ ಸಮನಾಗಿರುವುದರಿಂದ ಅದು ಗುಣ; ಗಾಳಿಗೆ ಓಲಾಡುವ ಕಟ್ಟಿಗೆಯ ಉರಿಯಲ್ಲಿ ಅದೇ ದೋಷ.

ಕಪ್ಪು ಲೇಪದ ಮಾತು ಬೇರೆ. ಟೆಫ್ಲಾನ್ ಎಂದು ಹೆಸರಾದ ಈ ವಸ್ತು 1938ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತುದು. ಸುಮಾರು 260 ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಅದು ಕೆಡತೊಡಗುತ್ತದೆ. ಇನ್ನೂ ಕಾದರೆ ಹೊಗೆಯಾಡುತ್ತದೆ. ಆ ಹೊಗೆ ಪಂಜರದ ಹಕ್ಕಿಗಳನ್ನು ಕೊಲ್ಲಬಲ್ಲದು, ಮನುಷ್ಯರಿಗೂ ಒಳ್ಳೆಯದಲ್ಲ. ರೊಟ್ಟಿಗೆ ಬೇಕಾದ ಕಾವು 200ರಿಂದ 250 ಡಿಗ್ರಿಯ ಆಸುಪಾಸು. ಬಯಲೊಲೆಯ ಮೇಲೆ ಬರಿದಾದ ತವೆ ಆ ಗಡಿಯನ್ನು ದಾಟಲು ಹೆಚ್ಚು ಹೊತ್ತು ಬೇಡ. ಮನೆಯಲ್ಲಿ ಸಣ್ಣ ಉರಿಯ ಮೇಲೆ ದೋಸೆಗೆ ಅದನ್ನು ಬಳಸುವವರೊಡನೆ ನನ್ನ ತಕರಾರಿಲ್ಲ. ಕಟ್ಟಿಗೆಯ ಒಲೆಗೆ ಅದನ್ನು ಒಯ್ಯಲೇಬೇಡಿರಿ.

ಇನ್ನು ಮಣ್ಣಿನ ಹಂಚು. ಮನೆಯ ಮೇಲೆ ಹೊದಿಸುವುದಕ್ಕೂ ಒಲೆಯ ಮೇಲೆ ಇಡುವುದಕ್ಕೂ ನಮ್ಮ ನುಡಿಯಲ್ಲಿ ಹೆಸರು ಒಂದೇ. ಎರಡೂ ಸುಟ್ಟ ಮಣ್ಣೇ ಆಗಿದ್ದ ಕಾಲದ ನೆನಪು ಆ ಮಾತಿನಲ್ಲಿ ಉಳಿದಿರಬೇಕು. ಮೈಸೂರಿನ ಕಡೆಯವರು ಹೆಂಚು ಎನ್ನುತ್ತಾರೆ, ದೋಸೆಗಾದರೆ ಕಾವಲಿ ಎನ್ನುತ್ತಾರೆ. ಮೆಕ್ಸಿಕೋ ದೇಶದ ಹೆಣ್ಣುಮಕ್ಕಳೂ ಮೆಕ್ಕೆಜೋಳದ ರೊಟ್ಟಿಯನ್ನು ಬೇಯಿಸುತ್ತ ಬಂದದ್ದು ಕೊಮಾಲ್ ಎಂಬ ಮಣ್ಣಿನ ಹಂಚಿನ ಮೇಲೆಯೇ. ಅಲ್ಲಿಯೂ ಈಗ ಲೋಹದ್ದು ಬಂದಿದೆ. ಮಣ್ಣು ಶಾಖವನ್ನು ನಿಧಾನವಾಗಿ ಕೊಡುವುದರಿಂದ ಅದರ ಮೇಲಿನ ರೊಟ್ಟಿಯ ರುಚಿಯೇ ಬೇರೆ. ಆದರೆ ಬಂಡಿಯ ಒಂದು ಕುಲುಕಿಗೆ, ಕಾದಾಗ ಬಿದ್ದ ತಣ್ಣೀರಿಗೆ ಅದು ಸೀಳಿಬಿಡುತ್ತದೆ. ಅದು ಮನೆಯಲ್ಲಿ ಇರತಕ್ಕದ್ದು.

ಹಾಗಾದರೆ ಉಳಿದುದು ಕಬ್ಬಿಣ. ಅದರಲ್ಲಿಯೂ ಎರಡು ಜಾತಿ. ಬೀಡಿನ ಹಂಚು ಎರಕದ್ದು. ದಪ್ಪ, ಭಾರ, ಕಾವನ್ನು ಹಿಡಿದಿಡುವುದರಲ್ಲಿ ಗಟ್ಟಿಗ. ಆದರೆ ಬೀಡು ಬಾಗುವ ಲೋಹವಲ್ಲ, ಒಡೆಯುವ ಲೋಹ. ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಕಮ್ಮಾರ ಬಡಿದು ಮಾಡಿದ ತಗಡಿನ ಹಂಚಾದರೆ ಬಿದ್ದಾಗ ನೆಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ. ನೆಗ್ಗಿದುದನ್ನು ಮತ್ತೆ ಬಡಿದು ಸರಿಮಾಡಬಹುದು. ತೂಕವನ್ನು ನಾನೇ ಲೆಕ್ಕ ಹಾಕಿದ್ದೇನೆ. 25 ಸೆಂಟಿಮೀಟರ್ ಅಗಲದ ಗುಂಡು ಹಂಚು 2 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನದಾದರೆ ಮುಕ್ಕಾಲು ಕಿಲೋಗ್ರಾಮಿಗೆ ತುಸು ಹೆಚ್ಚು; 3 ಮಿಲಿಮೀಟರ್ ಆದರೆ ಸುಮಾರು 1 ಕಿಲೋ 150 ಗ್ರಾಂ; 5 ಮಿಲಿಮೀಟರಿನ ಬೀಡಿನದು ಒಂದೂಮುಕ್ಕಾಲು ಕಿಲೋ. ಬಂಡಿಗಾಗಲಿ ಮೋಟಾರಿಗಾಗಲಿ 3 ಮಿಲಿಮೀಟರಿನದನ್ನೇ ಆರಿಸಿರಿ. ಬೆನ್ನಮೇಲೆ ಹೊತ್ತು ಕಾಡು ಸುತ್ತುವ ತರುಣರಾದರೆ 2 ಮಿಲಿಮೀಟರಿನಲ್ಲಿ ಸಮಾಧಾನ ಪಡಬೇಕು. ಅದಕ್ಕಿಂತ ತೆಳುವಾದುದು ಕಾದಾಗ ಸೊಟ್ಟಗಾಗುತ್ತದೆ.

ಬಯಲೊಲೆಗೆ ನಡುವೆ ತುಸು ತಗ್ಗಾದ ಹಂಚು ಮೂರು ಕಲ್ಲುಗಳ ಮೇಲೆ ಅಲುಗದೆ ಕೂಡುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆನಾಡಿನವರಿಗೆ ಜೋಳದ ರೊಟ್ಟಿಯೊಂದಾದರೆ ಸಾಕು. ಕಲಘಟಗಿಯ ಕಡೆಯವರಾದ ನಮಗೆ ಹೊಲದಲ್ಲಿ ಭತ್ತವೂ ಇರುವುದರಿಂದ ಅಕ್ಕಿರೊಟ್ಟಿಯೂ ಆಗಬೇಕು. ಎರಡಕ್ಕೂ ಈ ತಗ್ಗು ಹೊಂದುತ್ತದೆ. ಹಿಡಿ ಬೇಡವೇ ಬೇಡ. ಅಂಚಿನಲ್ಲಿ ಕಬ್ಬಿಣದ ಎರಡು ಕಿವಿಗಳಿದ್ದು, ಎತ್ತಲು ಒಂದು ಇಕ್ಕಳವಿದ್ದರೆ ಆಯಿತು. ಅಗಲವು ತಟ್ಟುವವರ ರೊಟ್ಟಿಗಿಂತ ಎರಡು ಬೆರಳು ಹೆಚ್ಚಿರಲಿ, ಸಾಕು.

ಅಗಲದ ಮಾತನ್ನು ಗ್ಯಾಸು ಒಯ್ಯುವವರಿಗೆ ಒತ್ತಿ ಹೇಳಬೇಕಾಗಿದೆ. ಸಣ್ಣ ಸಿಲಿಂಡರಿನ ತಲೆಯ ಮೇಲೆಯೇ ಬರ್ನರನ್ನು ತಿರುಗಿಸಿ ಕೂಡಿಸುವ ಒಲೆಗಳಿವೆ. ಅವುಗಳ ಮೇಲೆ ಅಗಲವಾದ ಹಂಚನ್ನಿಟ್ಟರೆ ಅದು ಕೊಡೆಯಂತೆ ಕವಿದು, ಮೇಲೆ ಹೋಗಬೇಕಾದ ಕಾವನ್ನು ಕೆಳಗಿನ ಸಿಲಿಂಡರಿನ ಕಡೆಗೆ ತಿರುಗಿಸುತ್ತದೆ. ಸಿಲಿಂಡರು ಕಾದಂತೆ ಒಳಗಿನ ಒತ್ತಡ ಏರುತ್ತದೆ. ಗಾಳಿಗೆಂದು ಸುತ್ತ ತಗಡಿನ ಮರೆ ಕಟ್ಟಿದರಂತೂ ಅಪಾಯ ಇಮ್ಮಡಿ. ಇಂತಹ ಒಲೆಯಲ್ಲಿ ಚಹಾ ಕಾಯಿಸಿಕೊಳ್ಳಿರಿ. ರೊಟ್ಟಿಗೆ ಸಿಲಿಂಡರು ದೂರವಿದ್ದು ರಬ್ಬರು ಕೊಳವೆಯಿಂದ ಕೂಡಿದ ಒಲೆಯೇ ಆಗಬೇಕು. ರಾತ್ರಿ ಚಳಿಯೆಂದು ಕೆಂಡದ ಶೇಗಡಿಯನ್ನು ಡೇರೆಯೊಳಗೋ ಮುಚ್ಚಿದ ಮೋಟಾರಿನೊಳಗೋ ತರುವವರನ್ನು ಕಂಡಿದ್ದೇನೆ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನಿದ್ದೆಯಲ್ಲಿಯೇ ಪ್ರಾಣ ಒಯ್ಯುತ್ತದೆ.

ಹೊಸ ಕಬ್ಬಿಣದ ಹಂಚನ್ನು ಹೊರಡುವುದಕ್ಕೆ ಒಂದು ವಾರ ಮೊದಲೇ ಕೊಂಡು ಪಳಗಿಸಬೇಕು. ಅಂಗಡಿಯಲ್ಲಿ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯನ್ನು ಬೂದಿ ಹಾಕಿ ತಿಕ್ಕಿ ತೊಳೆಯಿರಿ. ಒಲೆಯ ಮೇಲೆ ಒಣಗಿಸಿ, ಅರಿವೆಯ ತುಂಡಿನಿಂದ ಕುಸುಬಿ ಎಣ್ಣೆಯನ್ನು ಇದ್ದೂ ಇಲ್ಲದಂತೆ ಸವರಿ, ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ ಆರಿಸಿರಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕಾವಿಗೂ ಗಾಳಿಗೂ ಸಿಕ್ಕ ಎಣ್ಣೆ ಕಬ್ಬಿಣಕ್ಕೆ ಅಂಟಿದ ಗಟ್ಟಿ ಪೊರೆಯಾಗುತ್ತದೆ. ಎಣ್ಣೆ ಹೆಚ್ಚಾದರೆ ಪೊರೆಯಾಗದೆ ಜಿಗುಟಾಗಿ ಉಳಿಯುವುದು. ಬಹಳ ಜನ ಎಡವುವುದು ಇಲ್ಲಿ. ಇಂತಹ ಹಂಚಿನ ಮೇಲೆ ಹುಣಸೆಹುಳಿಯ ಪದಾರ್ಥವನ್ನು ಮಾಡಕೂಡದು. ಹುಳಿ ಆ ಪೊರೆಯನ್ನು ತಿನ್ನುತ್ತದೆ.

ಕಾವು ಸರಿಬಂದಿತೋ ಇಲ್ಲವೋ ಎಂದು ನೋಡಲು ಯಂತ್ರ ಬೇಡ. ಒಂದು ಹನಿ ನೀರು ಚುರ್ ಎಂದು ಅಲ್ಲಿಯೇ ಆರಿದರೆ ಇನ್ನೂ ಕಾಯಬೇಕು. ಮಣಿಯಾಗಿ ಉರುಳಿ ಕುಣಿದರೆ ಆಯಿತೆಂದು ತಿಳಿಯಿರಿ. ಚಿಟಿಕೆ ಹಿಟ್ಟು ಉದುರಿಸಿದರೆ ಅದು ನಾಲ್ಕೆಂಟು ಕ್ಷಣದಲ್ಲಿ ಕೆಂಪಾಗಬೇಕು, ಕರಿಯಾಗಬಾರದು.

ಹಂಚಿಗಿಂತ ಮೊದಲು ಯೋಚಿಸಬೇಕಾದುದು ಒಲೆ ಹೂಡುವ ನೆಲ. ಮಾಘದ ಹೊತ್ತಿಗೆ ನಮ್ಮ ಕಾಡುಗಳಲ್ಲಿ ತೇಗದ ಎಲೆ ಉದುರಿ ನೆಲವೆಲ್ಲ ತರಗು. ದಾಂಡೇಲಿಯ ಸುತ್ತಿನ ಕಾಡಿನ ದೊಡ್ಡ ಭಾಗ ಈಗ ಹುಲಿ ಸಂರಕ್ಷಿತ ಪ್ರದೇಶ; 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟರು. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಬೆಂಕಿ ಹೊತ್ತಿಸುವುದು 1963ರ ಅರಣ್ಯ ಅಧಿನಿಯಮದ ಪ್ರಕಾರ ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದುದನ್ನು ತಾವು ರೇಡಿಯೋ ವಾರ್ತೆಯಲ್ಲಿ ಕೇಳಿರಬಹುದು. ಊರ ಬಯಲಿನಲ್ಲಿ, ಕೆರೆಯ ದಂಡೆಯಲ್ಲಿ, ಜಾತ್ರೆಯವರಿಗೆ ಬಿಟ್ಟ ತಾಣದಲ್ಲಿ ಮಾತ್ರ ಒಲೆ ಹೂಡಿರಿ. ಸುತ್ತ ಒಂದು ಮಾರು ನೆಲ ಗುಡಿಸಿರಿ. ಎದ್ದುಹೋಗುವಾಗ ಬೂದಿಗೆ ನೀರು ಸುರಿದು, ಅಂಗೈ ಹಿಂಭಾಗವನ್ನು ಮೇಲೆ ಹಿಡಿದು ನೋಡಿ, ಬಿಸಿಯಿದ್ದರೆ ಮತ್ತೆ ಸುರಿಯಿರಿ. ಒಲೆ ಹೂಡುವಂತಿಲ್ಲದ ದಾರಿಯಾದರೆ ಹಂಚನ್ನೇ ಒಯ್ಯಬೇಡಿರಿ. ಮನೆಯಲ್ಲಿ ಖಡಕ್ ರೊಟ್ಟಿ ಬೇಯಿಸಿ ಅರಿವೆಯಲ್ಲಿ ಕಟ್ಟಿಕೊಳ್ಳಿರಿ. ನೀರಿನ ಪಸೆ ತಾಗದಿದ್ದರೆ ಅವು ದಿನಗಟ್ಟಲೆ ಕೆಡುವುದಿಲ್ಲ.

ಆ ಮೊದಲ ವಸತಿಯ ಮರುದಿನ ಅತ್ತಿಗೆಯವರು ಹಳಿಯಾಳದ ಪೇಟೆಯಲ್ಲಿ ಬಂಡಿ ನಿಲ್ಲಿಸಿದರು. ಅಂಗಡಿಯ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ಅಂಚಿನ ದಪ್ಪ ಎಲ್ಲೆಡೆ ಸಮನಾಗಿದೆಯೇ ನೋಡಿದರು. ಬೆರಳಿನಿಂದ ಬಡಿದು ನಾದ ಕೇಳಿದರು. ಬೋರಲು ಹಾಕಿ ಅಂಚು ನೆಲಕ್ಕೆ ಎಲ್ಲೆಡೆ ತಾಗುತ್ತದೆಯೇ ಎಂದು ಅಲುಗಿಸಿ ಪರೀಕ್ಷಿಸಿದರು. ಆರನೆಯದು ಒಪ್ಪಿಗೆಯಾಯಿತು. ಹಣ ಕೊಟ್ಟವನು ನಾನು. ಈಗಲೂ ಅವರು ಅದನ್ನು ಒಲೆಯ ಮೇಲೆಯೇ ಒಣಗಿಸಿ, ಗೋಣಿಯ ತುಂಡಿನಲ್ಲಿ ಸುತ್ತಿ, ಬಂಡಿಯ ಪಕ್ಕದ ಹಲಗೆಗೆ ನೆಟ್ಟಗೆ ನಿಲ್ಲಿಸಿ ಕಟ್ಟುತ್ತಾರೆ. ಮಲಗಿಸಿದರೆ ಮೇಲೆ ಯಾರಾದರೂ ಚೀಲ ಹೇರುತ್ತಾರೆಂದು ಅವರಿಗೆ ಗೊತ್ತು.