ಚಳಿನಾಡಿಗೆ ಹೊರಟ ಗಾಡಿ

ಹೊಳಲ್ಕೆರೆಯಲ್ಲಿರುವ ನನ್ನ ತಂಗಿಯ ಮಗ ಕಳೆದ ತಿಂಗಳು ಮನೆಗೆ ಬಂದಿದ್ದ. ಅಡಿಕೆ ಮಾರಿದ ಹಣದಲ್ಲಿ ಒಂದು ವ್ಯಾನು ಕೊಂಡು, ಅದರೊಳಗೇ ಅಡಿಗೆಗೂ ಮಲಗುವುದಕ್ಕೂ ಅಣಿಮಾಡಿಸಿ, ಹೆಂಡತಿ ಮಕ್ಕಳೊಡನೆ ಚಳಿಗಾಲದ ಲಡಾಖನ್ನು ನೋಡಿ ಬರುವ ಹಂಬಲ ಅವನದು. “ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲವಿರುವ ಗಾಡಿ ಮಾವ, ಎಂಥ ಕಲ್ಲುದಾರಿಯನ್ನಾದರೂ ಹತ್ತುತ್ತದೆ” ಎಂದ. ಹತ್ತಿದ ಮೇಲೆ ರಾತ್ರಿ ಕಳೆಯುವುದು ಹೇಗೆ ಎಂದು ಕೇಳಿದೆ. ಅವನು ಸುಮ್ಮನಾದ.

ನಾನು ಹಾಗೆ ಕೇಳಲು ಕಾರಣವುಂಟು. ನನ್ನ ಬಾಲ್ಯದಲ್ಲಿ, ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಿಂದ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಎತ್ತರದ ಚಕ್ರಗಳು ಹಳ್ಳ ಕೊರಕಲುಗಳನ್ನು ಲೆಕ್ಕಿಸುತ್ತಿರಲಿಲ್ಲ. ಆದರೂ ಅಪ್ಪ ಕೀಲೆಣ್ಣೆಗೆ ಒಂದು ಗಳಿಗೆ ಕೊಟ್ಟರೆ ಹಾಸಿಗೆಗೆ ಅರ್ಧ ದಿನ ಕೊಡುತ್ತಿದ್ದರು. ಹಲಗೆಯ ಮೇಲೆ ಮೊಳದೆತ್ತರ ರಾಗಿಹುಲ್ಲು, ಅದರ ಮೇಲೆ ಗೋಣಿತಾಟು, ಆಮೇಲೆ ಜಮಖಾನ. ಹೊದೆಯಲು ಚಳ್ಳಕೆರೆಯ ಕರಿಕಂಬಳಿ. ಹುಲ್ಲಿನ, ಉಣ್ಣೆಯ ಎಳೆಗಳ ನಡುವೆ ಕದಲದೆ ನಿಂತ ಗಾಳಿಯೇ ಮೈಯ ಶಾಖವನ್ನು ಕಾಯುವುದೆಂಬ ಶಾಸ್ತ್ರ ಅವರಿಗೆ ತಿಳಿದಿರಲಿಲ್ಲ. ಚಳಿ ಕೆಳಗಿನಿಂದ ಏರುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಒಂದು ಮಾಘದ ರಾತ್ರಿ ಮಾರಿಕಣಿವೆಯ ದಾರಿಯಲ್ಲಿ ತಂಗಿದ್ದಾಗ ಮೂಡಗಾಳಿ ಬಲವಾಗಿ ಬೀಸಿತು. ಅಮ್ಮನಿಗೆ ಜ್ವರ. ಅಪ್ಪ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಗಾಡಿಯೊಳಗಿಟ್ಟು, ಎರಡೂ ಬಾಯಿಗೆ ಕಂಬಳಿ ಬಿಗಿದರು. ಹೊಗೆಯಿಲ್ಲ, ವಾಸನೆಯಿಲ್ಲ, ಹಿತವಾದ ಬಿಸಿ. ನಾನು ತಲೆ ಸಿಡಿಯುವ ನೋವಿನಿಂದ ಎದ್ದೆ, ಅಮ್ಮ ಏಳಲಿಲ್ಲ. ಪಕ್ಕದ ಗಾಡಿಯ ಅಜ್ಜ ಕಂಬಳಿ ಕಿತ್ತೆಸೆದು, ಅವಳನ್ನು ಹೊರಗೆ ಗಾಳಿಗೆ ಮಲಗಿಸಿದ. ಅವಳು ಕಣ್ಣು ಬಿಡುವ ಹೊತ್ತಿಗೆ ಬೆಳ್ಳಿ ಮೂಡಿತ್ತು. ಆ ವಿಷದ ಹೆಸರು ಕಾರ್ಬನ್ ಮಾನಾಕ್ಸೈಡ್ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಲೇಹ್ ಪಟ್ಟಣವಿರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಮೊದಲೇ ಗಾಳಿ ತೆಳು. ಮುಚ್ಚಿದ ವ್ಯಾನಿನಲ್ಲಿ ಒಲೆ ಹೊತ್ತಿಸಿಕೊಂಡು ಮಲಗುವುದು ಮೃತ್ಯುವನ್ನು ಕರೆದಂತೆಯೇ ಸರಿ. ಬಿಸಿ ಬೇಕಾದರೆ, ಉರಿಯುವುದಕ್ಕೆ ಹೊರಗಿನ ಗಾಳಿಯನ್ನೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರು ಇರಬೇಕು. ವಿಷಗಾಳಿ ಕಂಡೊಡನೆ ಕೂಗುವ ಪುಟ್ಟ ಯಂತ್ರವೂ ಜೊತೆಗಿರಲಿ. ಅಡಿಗೆಯ ಅನಿಲವನ್ನು ನೆಚ್ಚುವಂತಿಲ್ಲ: ಅದರಲ್ಲಿರುವ ಬ್ಯುಟೇನು ಸೊನ್ನೆ ಡಿಗ್ರಿಯ ಸುಮಾರಿಗೇ ಆವಿಯಾಗಲು ಮುಷ್ಕರ ಹೂಡುತ್ತದೆ. ಡೀಸೆಲ್ಲಿಗೂ ಚಳಿಯುಂಟು, ಅದು ಮೇಣಗಟ್ಟುತ್ತದೆ. ಅದಕ್ಕೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲನ್ನು ಲಡಾಖಿಗೆ ತಂದಿತು.

ಇನ್ನು ಗೋಡೆಯ ಮಾತು. ಕಬ್ಬಿಣವು ಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಶಾಖವನ್ನು ಹೊರಗೆ ಸಾಗಿಸುತ್ತದೆ. ಆದ್ದರಿಂದ ವ್ಯಾನಿನ ತಗಡಿಗೂ ಮೈಗೂ ನಡುವೆ, ಮುಖ್ಯವಾಗಿ ನೆಲದಲ್ಲಿ, ನಮ್ಮ ರಾಗಿಹುಲ್ಲಿನ ಕೆಲಸ ಮಾಡುವ ದಪ್ಪ ಪದರವೊಂದು ಬೇಕು. ಹಾಗೆಂದು ಗಾಡಿಯನ್ನು ಬಿಗಿಯಾಗಿ ಮುಚ್ಚಿಬಿಡಬಾರದು. ಒಬ್ಬೊಬ್ಬರ ಉಸಿರೂ ರಾತ್ರಿಯೊಂದಕ್ಕೆ ಲೋಟದಷ್ಟು ನೀರನ್ನು ಹೊರಹಾಕುತ್ತದೆ. ಅದು ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ಒದ್ದೆ ಹಾಸಿಗೆಯಿಂದ ಬೆಚ್ಚಗಿರುವುದುಂಟೆ? ಚಾವಣಿಯಲ್ಲೊಂದು ಗವಾಕ್ಷಿ, ಕೆಳಗೊಂದು ಕಿಂಡಿ ಸದಾ ತೆರೆದಿರಬೇಕು. ನಮ್ಮ ಕಮಾನಿನ ಬಿದಿರುತಟ್ಟಿ ತಾನಾಗಿಯೇ ಉಸಿರಾಡುತ್ತಿತ್ತು.

ಚಕ್ರ, ಎಂಜಿನ್ನುಗಳ ವಿಷಯ ಮಾರುವವರೇ ಬೇಕಾದಷ್ಟು ಹೇಳುತ್ತಾರೆ. ನಾನು ಹುಡುಗನಿಗೆ ಹೇಳಿದ್ದು ಇಷ್ಟು: “ಮೊದಲು ಪುಷ್ಯಮಾಸದಲ್ಲಿ ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲಲ್ಲಿ, ಆ ಗಾಳಿಯಲ್ಲಿ, ನೀನೊಬ್ಬನೇ ಒಂದು ರಾತ್ರಿ ವ್ಯಾನಿನಲ್ಲಿ ಮಲಗು. ಬೆಳಗ್ಗೆ ಒಳಗೋಡೆಗೆ ಕೈಯಿಟ್ಟು ನೋಡು. ಇಲ್ಲಿ ಒದ್ದೆಯಾದರೆ ಅಲ್ಲಿ ಅದು ಮಂಜುಗಡ್ಡೆ.”

ಮೊನ್ನೆ ಫೋನು ಮಾಡಿದ್ದ. ವ್ಯಾನು ಇನ್ನೂ ಗೊತ್ತಾಗಿಲ್ಲವಂತೆ. ಕಂಬಳಿ ನಾಲ್ಕು ಕೊಂಡಿದ್ದಾನಂತೆ.