ಹೊಸ ಪುಸ್ತಕದ ಹಾದಿ

ಪುಸ್ತಕವು ಅಚ್ಚಾಗುವುದು ಮುದ್ರಣಾಲಯದಲ್ಲಿ. ಅದಕ್ಕೆ ಜೀವ ಬರುವುದು ಓದುಗನ ಕೈಯಲ್ಲಿ. ಬರೆದವರ ಮನೆಗೂ ಓದುವವರ ಮನೆಗೂ ನಡುವೆ ಇರುವ ದಾರಿಯನ್ನು ಪುಸ್ತಕವು ತಾನಾಗಿ ನಡೆಯಲಾರದು. ಯಾರಾದರೊಬ್ಬರು ಅದನ್ನು ಹೊತ್ತು ತರಬೇಕು. ಇಲ್ಲವೆ ಓದುಗನೇ ಅದನ್ನು ಅರಸಿಕೊಂಡು ಹೋಗಬೇಕು. ಹೆಸರಾದ ಹಳೆಯ ಗ್ರಂಥಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಅವುಗಳ ಹೆಸರನ್ನು ಗುರುಗಳು ಹೇಳುತ್ತಾರೆ, ಪಠ್ಯಪುಸ್ತಕಗಳು ನೆನಪಿಸುತ್ತವೆ. ಆದರೆ ಕಳೆದ ತಿಂಗಳು ಪ್ರಕಟವಾದ ಕಾದಂಬರಿಯ ಹೆಸರನ್ನಾಗಲಿ, ಈಚೆಗೆ ಹೊರಬಂದ ಆತ್ಮಕಥೆಯ ಹೆಸರನ್ನಾಗಲಿ ನಮಗೆ ಹೇಳುವವರಾರು? ಇದುವರೆಗೆ ಹೆಸರು ಕೇಳದ ಲೇಖಕರನ್ನು ಗುರುತಿಸುವ ಬಗೆ ಹೇಗೆ?

ಈ ಪ್ರಶ್ನೆ ಪಟ್ಟಣದ ಓದುಗನಿಗಿಂತ ಹಳ್ಳಿಯ ಓದುಗನನ್ನು ಹೆಚ್ಚಾಗಿ ಕಾಡುತ್ತದೆ. ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯು ಶಾಂತೇಶ್ವರ ದೇವಾಲಯದಿಂದಾಗಿ ಇತಿಹಾಸಾಸಕ್ತರಿಗೆ ಪರಿಚಿತವಾದ ಊರು. ಇಂಥ ಊರಿನ ಅಂಗಡಿಯಲ್ಲಿ ನೋಟುಪುಸ್ತಕವೂ ಲೇಖನಿಯೂ ದೊರೆಯುವಷ್ಟು ಸುಲಭವಾಗಿ ಹೊಸ ಕಾದಂಬರಿ ದೊರೆಯುವುದಿಲ್ಲ. ಅದಕ್ಕಾಗಿ ಹುಬ್ಬಳ್ಳಿ ಧಾರವಾಡಗಳ ಕಡೆಗೆ ನೋಡಬೇಕಾಗುತ್ತದೆ. ಆದರೂ ಈ ಸೀಮೆಯು ಸಾಹಿತ್ಯಕ್ಕೆ ದೂರವಾದುದೇನಲ್ಲ. ಕನಕದಾಸರ ಬಾಡ, ಷರೀಫ ಸಾಹೇಬರ ಶಿಶುವಿನಹಾಳ ಇವೆರಡೂ ಶಿಗ್ಗಾವಿ ತಾಲ್ಲೂಕಿನ ಊರುಗಳು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಹೊಸ ಪುಸ್ತಕವನ್ನು ಓದುಗನ ಮನೆಬಾಗಿಲಿಗೆ ಒಯ್ದು ಮುಟ್ಟಿಸಿದ ಮೊದಲಿಗರಲ್ಲಿ ಒಬ್ಬರು ಕೂಡ ಈ ಸೀಮೆಯವರೇ ಆಗಿದ್ದರು.

ಅವರೇ ಗಳಗನಾಥರು (1869–1942). ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಹಾನಗಲ್ಲು ತಾಲ್ಲೂಕನ್ನು ಹಾದು ಹರಿಯುವ ವರದಾ ನದಿಯು ತುಂಗಭದ್ರೆಯನ್ನು ಸೇರುವೆಡೆಯಲ್ಲಿ ಗಳಗನಾಥವೆಂಬ ಊರಿದೆ. ಆ ಊರಿನ ಹೆಸರನ್ನೇ ಅವರು ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು. ಆಗ ಈ ಭಾಗವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತು. ಇಲ್ಲಿನ ಅಕ್ಷರಸ್ಥರಲ್ಲಿ ಅನೇಕರು ಮರಾಠಿಯನ್ನು ಓದುತ್ತಿದ್ದರು. ಕನ್ನಡದಲ್ಲಿ ಓದುವಂಥ ಕಥೆಗಳಿವೆ ಎಂಬ ಅರಿವೇ ಹಲವರಿಗೆ ಇರಲಿಲ್ಲ. ಕನ್ನಡಕ್ಕೆ ಕಾದಂಬರಿಯೆಂಬ ಪ್ರಕಾರವೂ ಆಗ ಹೊಸತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಪ್ರಕಟವಾದುದು 1899ರಲ್ಲಿ. ಅಂಥ ಕಾಲದಲ್ಲಿ ಗಳಗನಾಥರು ಮರಾಠಿಯ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾವಿಲಾಸ’ ಎಂಬ ಕಾದಂಬರಿಯನ್ನು ಬರೆದರು. ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಇಷ್ಟಕ್ಕೇ ತಮ್ಮ ಕೆಲಸ ಮುಗಿಯಿತೆಂದು ಅವರು ಭಾವಿಸಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಬಂದು ಬಾಗಿಲಲ್ಲಿ ನಿಂತಾಗ ಓದುಗನಿಗೆ ಪುಸ್ತಕವೂ ದೊರೆಯಿತು, ಲೇಖಕರ ಪರಿಚಯವೂ ಆಯಿತು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಒಂದು ಬಳಗವೇ ಈ ಬಗೆಯಲ್ಲಿ ಬೆಳೆಯಿತು.

ಒಬ್ಬರ ಹೆಗಲಿನ ಮೇಲಿದ್ದ ಈ ಭಾರವನ್ನು ಮುಂದೆ ಸಂಸ್ಥೆಗಳು ಹೊತ್ತವು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿತು. ಚಂದಾ ಕೊಟ್ಟವರಿಗೆ ಮಾಲೆಯ ಪುಸ್ತಕಗಳು ಮನೆಗೆ ಬಂದು ಮುಟ್ಟುತ್ತಿದ್ದವು. ಇದರ ಮರ್ಮವನ್ನು ಗಮನಿಸಬೇಕು. ಯಾವ ಪುಸ್ತಕ ಬರುವುದೆಂಬುದನ್ನು ತಿಳಿಯುವ ಮೊದಲೇ ಓದುಗನು ಹಣ ಕೊಡುತ್ತಿದ್ದನು; ಪ್ರಕಾಶಕರ ಅಭಿರುಚಿಯ ಮೇಲೆ ಅವನಿಗೆ ಅಷ್ಟು ವಿಶ್ವಾಸ. ಆ ವಿಶ್ವಾಸದ ಬಲದಿಂದ ಪ್ರಕಾಶಕರು ಹೊಸಬರ ಕೃತಿಗಳನ್ನು ಧೈರ್ಯವಾಗಿ ಅಚ್ಚುಹಾಕಬಲ್ಲವರಾದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿಯೂ, ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ 1965ರಲ್ಲಿಯೂ ಈ ಮಾಲೆಯಿಂದಲೇ ಹೊರಬಂದವು. ಆಗ ಈ ಇಬ್ಬರೂ ತರುಣರು. ಮುಂದೆ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಇವರನ್ನು ಮೊದಲು ಓದಿದವರಲ್ಲಿ ಅನೇಕರು ಅಂಚೆಯ ಮೂಲಕ ಪುಸ್ತಕವನ್ನು ಪಡೆದ ಸಾಮಾನ್ಯ ಚಂದಾದಾರರು. ಇದರಿಂದ ನಾವು ಕಲಿಯಬೇಕಾದ ಮೊದಲ ಪಾಠವಿಷ್ಟು: ಲೇಖಕರ ಹೆಸರು ತಿಳಿಯದಿದ್ದಾಗ ಪ್ರಕಾಶಕರ ಹೆಸರನ್ನು ನೋಡಬೇಕು. ನಮಗೆ ಮೆಚ್ಚಿಗೆಯಾದ ಎರಡು ಮೂರು ಪುಸ್ತಕಗಳನ್ನು ಪ್ರಕಟಿಸಿದವರು ಹೊಸದಾಗಿ ಏನನ್ನು ತಂದಿದ್ದಾರೆಂದು ವಿಚಾರಿಸುವುದು ಒಳ್ಳೆಯ ಪದ್ಧತಿ.

ಎರಡನೆಯ ದಾರಿಯನ್ನು ತೋರಿದುವು ಪತ್ರಿಕೆಗಳು. ಹುಬ್ಬಳ್ಳಿಯಿಂದ 1956ರಲ್ಲಿ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆಯ ಪುಸ್ತಕ ವಿಭಾಗವು ಗ್ರಂಥಗಳನ್ನು ಸಂಗ್ರಹಿಸಿ ಕೊಟ್ಟು, ಗ್ರಂಥಾಲಯವಿಲ್ಲದ ಊರುಗಳಲ್ಲಿಯೂ ಹೊಸ ಲೇಖಕರ ಪರಿಚಯ ಮಾಡಿಸಿತು. ವಾರಪತ್ರಿಕೆಗಳು ಕಾದಂಬರಿಗಳನ್ನು ಧಾರಾವಾಹಿಯಾಗಿ ಪ್ರಕಟಿಸಿದುವು. ಇಂದಿಗೂ ದಿನಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆಯೂ, ದೀಪಾವಳಿಯ ವಿಶೇಷ ಸಂಚಿಕೆಗಳಲ್ಲಿ ಹೊಸ ಕಥೆಗಾರರ ಬರೆಹವೂ ಇರುತ್ತವೆ. ವಿಮರ್ಶೆಯನ್ನು ಓದುವಾಗ ಹೊಗಳಿಕೆಯ ಮಾತುಗಳನ್ನು ಬದಿಗಿರಿಸಿ, ಪುಸ್ತಕದಲ್ಲಿ ಏನಿದೆ ಎಂದು ವಿಮರ್ಶಕರು ತಿಳಿಸಿದ್ದಾರೆಯೇ ಎಂಬುದನ್ನು ನೋಡಬೇಕು. ‘ಅದ್ಭುತ’ ಎಂಬ ಒಂದು ಪದದಿಂದ ಪುಸ್ತಕದ ಸುಳಿವು ಸಿಕ್ಕುವುದಿಲ್ಲ. ಲೇಖಕರ ಒಂದು ಕಥೆ ನಮ್ಮನ್ನು ಹಿಡಿದು ನಿಲ್ಲಿಸಿದರೆ ಅವರ ಹೆಸರನ್ನು ಒಂದೆಡೆ ಬರೆದಿಟ್ಟುಕೊಳ್ಳುವುದು ಲೇಸು.

ಹಣ ಕೊಟ್ಟು ಕೊಳ್ಳಲಾಗದವರಿಗೆ ಗ್ರಂಥಾಲಯವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಫಲವಾಗಿ ರಾಜ್ಯದ ಮೂಲೆಮೂಲೆಗೆ ಗ್ರಂಥಾಲಯಗಳು ಹಬ್ಬಿದುವು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಅಲ್ಲಿ ಹೋಗಿ ಕಪಾಟಿನಲ್ಲಿರುವುದನ್ನು ನೋಡಿ ಸುಮ್ಮನೆ ಮರಳಬಾರದು. ಇಂಥ ಪುಸ್ತಕ ಬೇಕೆಂದು ಕೇಳುವುದು ಓದುಗನ ಕರ್ತವ್ಯ; ಕೇಳುವವರಿಲ್ಲದ ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳು ಹೆಚ್ಚಲಾರವು. ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆಗಳೂ ಅಷ್ಟೇ ಉಪಯುಕ್ತ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನಾಡಿನ ಪ್ರಕಾಶಕರನ್ನು ಈ ಸೀಮೆಯ ಓದುಗರ ಹತ್ತಿರಕ್ಕೇ ಕರೆತಂದಿತು.

ಮಳಿಗೆಯಲ್ಲಿ ನೂರಾರು ಹೊಸ ಪುಸ್ತಕಗಳ ನಡುವೆ ನಿಂತವನು ಆರಿಸುವುದು ಹೇಗೆ? ರಕ್ಷಾಪುಟದ ಬಣ್ಣವು ಕಣ್ಣನ್ನು ಸೆಳೆಯುತ್ತದೆ. ಅದು ಅದರ ಕೆಲಸ. ಅದನ್ನು ದಾಟಿ ಒಳಗಿನ ಹಾಳೆಯನ್ನು ನೋಡಬೇಕು. ಮೊದಲ ಮುದ್ರಣದ ವರ್ಷ, ಪ್ರಕಾಶಕರ ವಿಳಾಸ, ಅನುವಾದವಾಗಿದ್ದರೆ ಮೂಲ ಲೇಖಕರ ಹೆಸರು ಅಲ್ಲಿರುತ್ತವೆ. ಹೊಸ ರಕ್ಷಾಪುಟ ತೊಟ್ಟು ಬಂದ ಹಳೆಯ ಪುಸ್ತಕವನ್ನು ಈ ಹಾಳೆಯಿಂದಲೇ ಗುರುತಿಸಬೇಕು. ಆಮೇಲೆ ಮುನ್ನುಡಿಯನ್ನು ಬಿಟ್ಟು, ನಡುವಿನ ಒಂದು ಪುಟವನ್ನು ತೆರೆದು ಓದಬೇಕು. ಮೊದಲ ಪುಟವನ್ನು ಲೇಖಕರೆಲ್ಲರೂ ಎಚ್ಚರದಿಂದ ಬರೆದಿರುತ್ತಾರೆ. ಬರೆಹದ ನಿಜವಾದ ಹದ ತಿಳಿಯುವುದು ನಡುವಿನಲ್ಲಿ.

ಒಂದು ಪುಸ್ತಕವು ಇನ್ನೊಂದಕ್ಕೆ ದಾರಿ ತೋರುವುದೂ ಉಂಟು. ಗಳಗನಾಥರ ಕಾದಂಬರಿಯಲ್ಲಿ ವಿಜಯನಗರದ ಉದಯವನ್ನು ಓದಿದವರು, 2019ರಲ್ಲಿ ಪ್ರಕಟವಾದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕಾದಂಬರಿಯಲ್ಲಿ ಅದೇ ಸಾಮ್ರಾಜ್ಯವನ್ನು ಪೋರ್ಚುಗಲ್ಲಿನ ಲಿಸ್ಬನ್ ನಗರದ ಜೊತೆಗಿಟ್ಟು ಕಾಣಬಹುದು. ಪ್ರಶಸ್ತಿಗಳೂ ಕೈಮರಗಳೇ. ಕೇಂದ್ರ ಸಾಹಿತ್ಯ ಅಕಾಡೆಮಿಯು 2011ರಿಂದ 35 ವರ್ಷದೊಳಗಿನ ಬರೆಹಗಾರರಿಗೆ ಯುವ ಪುರಸ್ಕಾರವನ್ನು ಕೊಡುತ್ತಿದೆ. ಹೊಸ ತಲೆಮಾರನ್ನು ಅರಿಯಲು ಆ ಪಟ್ಟಿ ಸಹಾಯಕ. ಆದರೆ ಪ್ರಶಸ್ತಿ ಬರುವ ತನಕ ಕಾಯುವುದು ಜಾಣತನವಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಅನುವಾದಿಸಿದವರು ದೀಪಾ ಭಾಸ್ತಿ. ಲಂಡನ್ನಿನಲ್ಲಿ ಹೆಸರು ಕೂಗಿದ ಮೇಲೆ ಅನೇಕ ಕನ್ನಡಿಗರು ಆ ಕಥೆಗಳನ್ನು ಹುಡುಕಿದರು. ಅವರಾದರೋ ಹಲವು ದಶಕಗಳಿಂದ ನಮ್ಮ ಭಾಷೆಯಲ್ಲಿಯೇ ಬರೆಯುತ್ತಿದ್ದವರು! ನಮ್ಮ ಮನೆಯ ದೀಪವನ್ನು ನೆರೆಯವರು ತೋರಿಸಿದ ಮೇಲೆ ಕಾಣುವುದಕ್ಕಿಂತ ನಾವೇ ಮೊದಲು ಕಾಣುವುದು ಚೆನ್ನು.

ಆತ್ಮಕಥೆಗಳನ್ನು ಆರಿಸುವಲ್ಲಿ ಇನ್ನೊಂದು ವಿವೇಕ ಬೇಕು. ಕಾದಂಬರಿಯನ್ನು ಕಥೆಯೆಂದು ತಿಳಿದು ಓದುತ್ತೇವೆ. ಆತ್ಮಕಥೆಯನ್ನು ನಡೆದ ಸಂಗತಿಯೆಂದು ನಂಬಿ ಓದುತ್ತೇವೆ. ಆದರೆ ನೆನಪು ತನಗೆ ಬೇಕಾದುದನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಒಂದೇ ಕಾಲವನ್ನು ಕುರಿತು ಬೇರೆ ಬೇರೆ ಬದುಕಿನವರು ಬರೆದುದನ್ನು ಜೊತೆಯಾಗಿ ಓದಬೇಕು. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ತೋರಿಸುವ ಕರ್ನಾಟಕವೊಂದು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ತೋರಿಸುವ ಕರ್ನಾಟಕ ಇನ್ನೊಂದು. ಒಂದೇ ನಾಡಿನಲ್ಲಿ ಕೆಲವರಿಗೆ ತೆರೆದಿದ್ದ ಬಾಗಿಲು ಕೆಲವರಿಗೆ ಮುಚ್ಚಿತ್ತೆಂಬುದು ಇವುಗಳನ್ನು ಕೂಡಿಸಿ ಓದಿದಾಗ ಸ್ಪಷ್ಟವಾಗುತ್ತದೆ. ಹಾನಗಲ್ಲಿನ ಹೆಸರನ್ನು ಸಂಗೀತ ಲೋಕದಲ್ಲಿ ಬೆಳಗಿಸಿದ ಗಂಗೂಬಾಯಿ ಹಾನಗಲ್ (1913–2009) ಅವರ ‘ನನ್ನ ಬದುಕಿನ ಹಾಡು’ ಅವರು ಬಾಯಿಂದ ಹೇಳಿ ಬರೆಯಿಸಿದ ಆತ್ಮಕಥೆ. ಮಾತು ಅಕ್ಷರವಾದುದಕ್ಕೆ ಇದು ನಿದರ್ಶನ.

ಇಂದು ಅಕ್ಷರವು ಮರಳಿ ಮಾತಾಗುತ್ತಿದೆ. ಪುಸ್ತಕವನ್ನು ಒಬ್ಬರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ, ಕೇಳುಗರ ಮೊಬೈಲಿಗೆ ತಲುಪಿಸುವುದನ್ನು ಆಡಿಯೋ ಪುಸ್ತಕ ಅಥವಾ ಧ್ವನಿಪುಸ್ತಕ ಎನ್ನುತ್ತಾರೆ. 2020ರ ಸುಮಾರಿಗೆ ಆರಂಭವಾದ ‘ಮೈಲ್ಯಾಂಗ್’ನಂತಹ ಕನ್ನಡದ ಸಂಸ್ಥೆಗಳು ಈ ಕೆಲಸವನ್ನು ಮಾಡುತ್ತಿವೆ. ಉಪಕರಣ ಹೊಸತಾದರೂ ಕೇಳಿ ತಿಳಿಯುವ ರೂಢಿ ನಮಗೆ ಹೊಸತಲ್ಲ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನ ಭಾರತವನ್ನು ಕೇಳಿದ ನಾಡು ಇದು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚಿದರೆ ಊರೇ ನೆರೆದು ಕೇಳುವ ಪದ್ಧತಿ ನಮ್ಮದು. 300 ಪುಟಗಳ ಕಾದಂಬರಿಯನ್ನು ಗಟ್ಟಿಯಾಗಿ ಓದಲು ಸುಮಾರು 8ರಿಂದ 10 ಗಂಟೆಗಳು ಬೇಕು. ಹೊಲದ ಕೆಲಸ, ಅಡುಗೆ, ಪ್ರಯಾಣ ಇವುಗಳ ನಡುವೆ ಒಂದು ವಾರದಲ್ಲಿ ಅದನ್ನು ಕೇಳಿ ಮುಗಿಸಬಹುದು. ಕಣ್ಣು ಮಂದವಾದ ಹಿರಿಯರಿಗೂ, ದೃಷ್ಟಿಹೀನರಿಗೂ, ಅಕ್ಷರ ಕಲಿಯುವ ಅವಕಾಶ ದೊರೆಯದ ಅಜ್ಜಿಯರಿಗೂ ಇದು ದೊಡ್ಡ ಉಪಕಾರ. ಆರಿಸುವಾಗ ಓದುವ ಧ್ವನಿಯನ್ನು ಮೊದಲು ತುಸು ಕೇಳಬೇಕು. ಪೂರ್ಣ ಪಾಠವೋ ಸಂಗ್ರಹವೋ ಎಂಬುದನ್ನು ವಿಚಾರಿಸಬೇಕು.

ಮೊಬೈಲಿನಿಂದ ಒಂದು ಅಪಾಯವೂ ಉಂಟಾಗಿದೆ. ಹೊಸ ಪುಸ್ತಕವನ್ನು ಯಾರೋ ಚಿತ್ರ ತೆಗೆದು ನೂರಾರು ಜನರಿಗೆ ಹಂಚುತ್ತಾರೆ. ಪಡೆದವರು ಅದನ್ನು ಪುಣ್ಯಕಾರ್ಯವೆಂದು ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷಗಳ ಕಾಲ ಕೃತಿಯ ಹಕ್ಕು ಅವರ ವಾರಸುದಾರರಿಗೆ ಸಲ್ಲುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು 2003ರಿಂದ ಎಲ್ಲರಿಗೂ ಮುಕ್ತವಾಗಿವೆ; ಅವನ್ನು ಯಾರು ಬೇಕಾದರೂ ಅಚ್ಚುಹಾಕಬಹುದು, ಓದಿ ಧ್ವನಿಮುದ್ರಿಸಬಹುದು. ಅಂಗವಿಕಲರು ಓದಲು, ಕೇಳಲು ಅನುಕೂಲವಾಗುವ ಪ್ರತಿಗಳನ್ನು ಸಿದ್ಧಪಡಿಸಲು 2012ರ ತಿದ್ದುಪಡಿಯು ವಿಶೇಷ ಅವಕಾಶವಿತ್ತಿದೆ. ಆದರೆ ಇಂದು ಬರೆಯುತ್ತಿರುವವರ ಪುಸ್ತಕವನ್ನು ಕದ್ದು ಹಂಚಿದರೆ ಅವರ ಮುಂದಿನ ಪುಸ್ತಕದ ಬೇರನ್ನೇ ಕಡಿದಂತೆ. ಕನ್ನಡದಲ್ಲಿ ಹೊಸ ಲೇಖಕರ ಪುಸ್ತಕವು ಅಚ್ಚಾಗುವುದು ಸಾಮಾನ್ಯವಾಗಿ ಸಾವಿರ ಪ್ರತಿಗಳ ಒಳಗೆ. ಅವು ಮಾರಾಟವಾಗದೆ ಉಳಿದರೆ ಎರಡನೆಯ ಪುಸ್ತಕಕ್ಕೆ ಪ್ರಕಾಶಕರು ಹಿಂಜರಿಯುತ್ತಾರೆ. ಆಗ ಒಂದು ಒಳ್ಳೆಯ ಲೇಖನಿ ಯಾರಿಗೂ ತಿಳಿಯದಂತೆ ನಿಂತುಹೋಗಬಹುದು. ಕೊಳ್ಳುವ ಶಕ್ತಿಯಿಲ್ಲದವನು ಗ್ರಂಥಾಲಯದಿಂದ ತಂದು ಓದಲಿ. ಗೆಳೆಯರು ನಾಲ್ವರು ಕೂಡಿ ಒಂದು ಪ್ರತಿಯನ್ನು ಕೊಳ್ಳಲಿ.

ಹೀಗೆ ದೊರೆತ ಪುಸ್ತಕವನ್ನು ಓದಿ ಮುಗಿಸಿದ ಮೇಲೆ ಓದುಗನಿಗೆ ಒಂದು ಕೆಲಸ ಉಳಿಯುತ್ತದೆ. ಮೆಚ್ಚಿದ ಪುಸ್ತಕದ ಹೆಸರನ್ನು ಇನ್ನೊಬ್ಬರಿಗೆ ಹೇಳಬೇಕು. ಏಕೆ ಮೆಚ್ಚಿದೆನೆಂಬುದನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಸಾಧ್ಯವಾದರೆ ಲೇಖಕರಿಗೊಂದು ಪತ್ರ ಬರೆಯಬೇಕು. ಗಳಗನಾಥರು ಗಂಟು ಹೊತ್ತು ನಡೆದ ಮೈಲಿಗಳನ್ನು ನಾವು ನಡೆಯಬೇಕಾಗಿಲ್ಲ. ನೆರೆಮನೆಯವರೆಗೆ ಒಂದು ಪುಸ್ತಕವನ್ನು ಹೊತ್ತರೆ ಸಾಕು.