ಗೇಟ್‌ವೇ ಸಾಧನದೊಂದಿಗೆ ಸ್ವಂತ ರೌಟರ್ ಬಳಕೆ

ಗೇಟ್‌ವೇ ಸಾಧನದೊಂದಿಗೆ ಸ್ವಂತ ರೌಟರ್ ಬಳಕೆ ಎಂದರೆ ಅಂತರಜಾಲ ಸೇವಾ ಸಂಸ್ಥೆಯು ಅಳವಡಿಸಿದ ಮೋಡೆಮ್ ಅಥವಾ ಗೇಟ್‌ವೇಯನ್ನು ಉಳಿಸಿಕೊಂಡು, ಅದಕ್ಕೆ ಬಳಕೆದಾರರು ತಮ್ಮದೇ ಆದ ಇನ್ನೊಂದು ರೌಟರನ್ನು ಜೋಡಿಸಿ ಮನೆಯ ಜಾಲವನ್ನು ನಡೆಸುವ ಕ್ರಮ. ವೈ-ಫೈ ವ್ಯಾಪ್ತಿಯನ್ನು ಹೆಚ್ಚಿಸುವುದು, ಅತಿಥಿಗಳಿಗೆ ಪ್ರತ್ಯೇಕ ಜಾಲ ಒದಗಿಸುವುದು, ದೂರದಿಂದ ಸಿಸಿಟಿವಿ ನೋಡುವುದು ಹಾಗೂ ಭದ್ರತೆಯನ್ನು ಸ್ವಂತ ಹತೋಟಿಯಲ್ಲಿ ಇರಿಸಿಕೊಳ್ಳುವುದು ಇದರ ಮುಖ್ಯ ಉದ್ದೇಶಗಳು. ಎರಡೂ ಸಾಧನಗಳು ರೌಟರ್‌ನ ಕೆಲಸವನ್ನೇ ಮಾಡತೊಡಗಿದರೆ ತೊಡಕುಗಳು ಉಂಟಾಗುತ್ತವೆ. ಆದುದರಿಂದ ಆ ಕೆಲಸವನ್ನು ಯಾವ ಸಾಧನ ಮಾಡಬೇಕೆಂದು ಮೊದಲೇ ನಿರ್ಧರಿಸುವುದು ಈ ಜೋಡಣೆಯ ಮೂಲತತ್ತ್ವವಾಗಿದೆ. ಮನೆಗಳು ಚದುರಿದಂತಿರುವ ಮತ್ತು ಮಳೆಗಾಲದಲ್ಲಿ ಸಂಪರ್ಕ ಪದೇ ಪದೇ ಕಡಿದುಹೋಗುವ ಕೊಡಗಿನಂತಹ ಮಲೆನಾಡು ಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ.

ಸಾಧನದ ಭಾಗಗಳು

ಜನಬಳಕೆಯಲ್ಲಿ ‘ಮೋಡೆಮ್’ ಎಂದು ಕರೆಯಲಾಗುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಸಾಧನಗಳು ಒಂದಾಗಿ ಸೇರಿರುತ್ತವೆ.

* ಒಎನ್‌ಟಿ: ಫೈಬರ್ ತಂತಿಯಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಭಾಗ. ಹಳೆಯ ದೂರವಾಣಿ ತಂತಿಯ ಸಂಪರ್ಕಗಳಲ್ಲಿ ಈ ಸ್ಥಾನದಲ್ಲಿ ಎಡಿಎಸ್‌ಎಲ್ ಮೋಡೆಮ್ ಇರುತ್ತಿತ್ತು.
* ರೌಟರ್: ಮನೆಯ ಸಾಧನಗಳಿಗೆ ಐಪಿ ವಿಳಾಸ ನೀಡಿ, ಮನೆಯ ಜಾಲ ಮತ್ತು ಅಂತರಜಾಲಗಳ ನಡುವೆ ದತ್ತಾಂಶವನ್ನು ಸಾಗಿಸುವ ಭಾಗ.
* ಸ್ವಿಚ್: ಹಲವು ತಂತಿಗಳನ್ನು ಜೋಡಿಸಲು ಇರುವ ಲ್ಯಾನ್ ಕಿಂಡಿಗಳು.
* ವೈ-ಫೈ ಆಕ್ಸೆಸ್ ಪಾಯಿಂಟ್: ತಂತಿರಹಿತ ಸಂಪರ್ಕ ನೀಡುವ ರೇಡಿಯೋ.

ಇವುಗಳಲ್ಲಿ ಒಎನ್‌ಟಿಯನ್ನು ಬದಲಾಯಿಸುವುದು ಸುಲಭವಲ್ಲ. 2003ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ರೂಪಿಸಿದ ಜಿ-ಪಾನ್ ಮಾನದಂಡದ ಪ್ರಕಾರ, ಒಂದೇ ಫೈಬರನ್ನು ಸ್ಪ್ಲಿಟರ್‌ಗಳ ಮೂಲಕ 32 ಅಥವಾ 64 ಮನೆಗಳಿಗೆ ಹಂಚಬಹುದು. ಪ್ರತಿಯೊಂದು ಒಎನ್‌ಟಿಯೂ ತನಗೆ ಗೊತ್ತುಪಡಿಸಿದ ಕ್ಷಣದಲ್ಲಿ ಮಾತ್ರ ಸಂಕೇತ ಕಳುಹಿಸಬೇಕು. ಹೀಗಾಗಿ ಅದರ ಕ್ರಮಸಂಖ್ಯೆಯು ಸೇವಾ ಸಂಸ್ಥೆಯ ಕೇಂದ್ರದಲ್ಲಿ ನೋಂದಣಿಯಾಗಿರಬೇಕಾಗುತ್ತದೆ. ರೌಟರ್ ಮತ್ತು ವೈ-ಫೈ ಭಾಗಗಳಿಗೆ ಇಂತಹ ನಿರ್ಬಂಧವಿಲ್ಲದ ಕಾರಣ, ಬಳಕೆದಾರರು ಬದಲಾಯಿಸಿಕೊಳ್ಳುವುದು ಸಾಮಾನ್ಯವಾಗಿ ಇವೆರಡನ್ನೇ.

ಕೊಡಗಿನ ಹಿನ್ನೆಲೆ

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5.54 ಲಕ್ಷ, ಅಂದರೆ ಚದರ ಕಿಲೋಮೀಟರಿಗೆ ಸುಮಾರು 135 ಜನ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಮೊದಲಾದ ಪಟ್ಟಣಗಳನ್ನು ಬಿಟ್ಟರೆ ಮನೆಗಳು ಬಹುಮಟ್ಟಿಗೆ ಕಾಫಿ ತೋಟಗಳ ನಡುವೆ ದೂರದೂರದಲ್ಲಿವೆ. ಗುಡ್ಡಗಳ ಮರೆಯಿಂದಾಗಿ ಮೊಬೈಲ್ ಸಂಕೇತ ದುರ್ಬಲವಾಗಿರುವ ಊರುಗಳಲ್ಲಿ ತಂತಿಯ ಸಂಪರ್ಕವೇ ಮುಖ್ಯ ಆಧಾರ. 2020ರ ಲಾಕ್‌ಡೌನ್ ಅವಧಿಯಲ್ಲಿ ತರಗತಿಗಳು ಆನ್‌ಲೈನ್ ಆದಾಗ, ಮಲೆನಾಡಿನ ವಿದ್ಯಾರ್ಥಿಗಳು ಸಂಕೇತ ಸಿಗುವ ದಿಬ್ಬಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಹಲವರು ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡತೊಡಗಿದರು.

ಭಾರತ ಸಂಚಾರ ನಿಗಮವು 2005ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದಾಗ ದೂರವಾಣಿಯ ತಾಮ್ರದ ತಂತಿಯನ್ನೇ ಬಳಸಲಾಗುತ್ತಿತ್ತು. ತಾಮ್ರದ ತಂತಿಯಲ್ಲಿ ವಿನಿಮಯ ಕೇಂದ್ರದಿಂದ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ಕೆಲವೇ ಕಿಲೋಮೀಟರ್ ದೂರದ ತೋಟದ ಮನೆಗಳಿಗೂ ಇದು ದೊಡ್ಡ ಅಡ್ಡಿಯಾಗಿತ್ತು. ಫೈಬರ್‌ನಲ್ಲಿ ಈ ಕುಸಿತ ತೀರಾ ಕಡಿಮೆ. ಆದರೆ ಕಂಬಗಳ ಮೇಲೆ ಎಳೆದ ಫೈಬರ್ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುವ ಸಂಭವವಿದೆ.

ವಿಳಾಸ ಪರಿವರ್ತನೆ ಮತ್ತು ಡಬಲ್ ನ್ಯಾಟ್

ಐಪಿ ನಾಲ್ಕನೆಯ ಆವೃತ್ತಿಯ ವಿಳಾಸವು 32 ಬಿಟ್‌ಗಳದ್ದು. ಇದರಲ್ಲಿ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಈ ಕೊರತೆಯನ್ನು ನಿಭಾಯಿಸಲು 1990ರ ದಶಕದಲ್ಲಿ ವಿಳಾಸ ಪರಿವರ್ತನೆ, ಅಂದರೆ ‘ನ್ಯಾಟ್’ ಎಂಬ ತಂತ್ರ ರೂಪುಗೊಂಡಿತು. ಇದರಲ್ಲಿ ಮನೆಯೊಳಗಿನ ಎಲ್ಲ ಸಾಧನಗಳೂ ಖಾಸಗಿ ವಿಳಾಸಗಳನ್ನು ಹೊಂದಿರುತ್ತವೆ. ಹೊರಜಗತ್ತಿಗೆ ಅವೆಲ್ಲವೂ ರೌಟರ್‌ನ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುತ್ತವೆ. 1996ರಲ್ಲಿ ಪ್ರಕಟವಾದ ಮಾನದಂಡದಂತೆ 10, 172.16ರಿಂದ 172.31 ಹಾಗೂ 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾಗಿವೆ.

ಗೇಟ್‌ವೇಯ ಲ್ಯಾನ್ ಕಿಂಡಿಗೆ ಸ್ವಂತ ರೌಟರ್‌ನ ವ್ಯಾನ್ ಕಿಂಡಿಯನ್ನು ಜೋಡಿಸಿ ಬೇರೇನೂ ಬದಲಾಯಿಸದೆ ಬಿಟ್ಟರೆ ಈ ಪರಿವರ್ತನೆ ಎರಡು ಬಾರಿ ನಡೆಯುತ್ತದೆ. ಇದನ್ನು ‘ಡಬಲ್ ನ್ಯಾಟ್’ ಎನ್ನುತ್ತಾರೆ. ಜಾಲತಾಣ ವೀಕ್ಷಣೆ, ಹಣ ಪಾವತಿ, ವಿಡಿಯೋ ನೋಡುವುದು ಮುಂತಾದ ಒಳಗಿನಿಂದ ಆರಂಭವಾಗುವ ಬಳಕೆಗಳಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊರಗಿನಿಂದ ಮನೆಯ ಸಾಧನವನ್ನು ನೇರವಾಗಿ ಸಂಪರ್ಕಿಸುವಾಗ, ಉದಾಹರಣೆಗೆ ಕಾಫಿ ಒಣಗಿಸುವ ಕಣದ ಸಿಸಿಟಿವಿ ಮುದ್ರಕವನ್ನು ಬೆಂಗಳೂರಿನಿಂದ ತೆರೆಯುವಾಗ, ಎರಡೂ ಸಾಧನಗಳಲ್ಲಿ ದಾರಿ ತೆರೆದಿಡಬೇಕಾಗುತ್ತದೆ. ಕೆಲವು ಆನ್‌ಲೈನ್ ಆಟಗಳು ಮತ್ತು ಮನೆಯಲ್ಲೇ ನಡೆಸುವ ವಿಪಿಎನ್ ಸೇವೆಗಳಿಗೂ ಇದೇ ತೊಡಕು ಎದುರಾಗುತ್ತದೆ.

ಎರಡೂ ಸಾಧನಗಳು 192.168.1.1 ಎಂಬ ಒಂದೇ ವಿಳಾಸವನ್ನು ಬಳಸುತ್ತಿದ್ದರೆ ಸಂಪರ್ಕವೇ ನಿಲ್ಲಬಹುದು. ಆಗ ಸ್ವಂತ ರೌಟರ್‌ನ ವಿಳಾಸವನ್ನು 192.168.50.1ರಂತಹ ಬೇರೆ ಸರಣಿಗೆ ಬದಲಾಯಿಸಬೇಕು.

ಜೋಡಣೆಯ ವಿಧಾನಗಳು

*ಆಕ್ಸೆಸ್ ಪಾಯಿಂಟ್ ವಿಧಾನ:* ಗೇಟ್‌ವೇ ರೌಟರ್ ಆಗಿಯೇ ಮುಂದುವರಿಯುತ್ತದೆ. ಹೊಸ ಸಾಧನವು ವೈ-ಫೈ ಮಾತ್ರ ನೀಡುತ್ತದೆ. ಹೊಸ ಸಾಧನದಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ, ಅದರ ಲ್ಯಾನ್ ಕಿಂಡಿಯನ್ನು ಗೇಟ್‌ವೇಯ ಲ್ಯಾನ್ ಕಿಂಡಿಗೆ ಜೋಡಿಸಲಾಗುತ್ತದೆ. ಹಲವು ರೌಟರ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಆಯ್ಕೆ ಇರುತ್ತದೆ. ವೈ-ಫೈ ವ್ಯಾಪ್ತಿಯ ಕೊರತೆಯೊಂದೇ ಸಮಸ್ಯೆಯಾಗಿದ್ದರೆ ಇದು ಅತ್ಯಂತ ಸರಳ ಮಾರ್ಗ.

*ಬ್ರಿಡ್ಜ್ ವಿಧಾನ:* ಗೇಟ್‌ವೇಯ ರೌಟರ್ ಭಾಗವನ್ನು ನಿಷ್ಕ್ರಿಯಗೊಳಿಸಿ, ಅದನ್ನು ಬರಿಯ ಒಎನ್‌ಟಿಯಾಗಿ ಉಳಿಸಲಾಗುತ್ತದೆ. ಅಂತರಜಾಲಕ್ಕೆ ಲಾಗಿನ್ ಆಗುವ ಹೊಣೆ ಸ್ವಂತ ರೌಟರ್‌ಗೆ ಸೇರುತ್ತದೆ. ಪಿಪಿಪಿಒಇ ಬಳಸುವ ಸಂಪರ್ಕಗಳಲ್ಲಿ ಸೇವಾ ಸಂಸ್ಥೆ ನೀಡಿದ ಬಳಕೆದಾರ ಹೆಸರು, ಗುಪ್ತಪದ ಹಾಗೂ ಕೆಲವೊಮ್ಮೆ ವಿಲ್ಯಾನ್ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕು. ಪಿಪಿಪಿಒಇ ತನ್ನ ಶೀರ್ಷಿಕೆಗೆ 8 ಬೈಟ್ ಬಳಸುವುದರಿಂದ ಎಂಟಿಯು ಮೌಲ್ಯವು ಸಾಮಾನ್ಯವಾಗಿ 1500ರ ಬದಲು 1492 ಆಗಿರುತ್ತದೆ. ಕೆಲವು ಸಂಸ್ಥೆಗಳು ಸಂಪರ್ಕವನ್ನು ಸಾಧನದ ಮ್ಯಾಕ್ ವಿಳಾಸಕ್ಕೆ ಬಂಧಿಸಿರುತ್ತವೆ. ಅಂತಹ ಕಡೆ ಹೊಸ ರೌಟರ್‌ನ ಮ್ಯಾಕ್ ವಿಳಾಸವನ್ನು ಅವರಿಗೆ ತಿಳಿಸಬೇಕಾಗುತ್ತದೆ. ಫೈಬರ್ ಮೂಲಕ ಬರುವ ಸ್ಥಿರ ದೂರವಾಣಿಯು ಒಎನ್‌ಟಿಯ ದೂರವಾಣಿ ಕಿಂಡಿಗೇ ಸಂಬಂಧಿಸಿದ್ದು. ಬ್ರಿಡ್ಜ್ ಮಾಡುವಾಗ ಆ ಸಂಯೋಜನೆಯನ್ನು ಅಳಿಸಬಾರದು.

*ಎರಡು ರೌಟರ್‌ಗಳ ವಿಧಾನ:* ಬ್ರಿಡ್ಜ್ ಸೌಲಭ್ಯ ಸಿಗದಿದ್ದಾಗ ಡಬಲ್ ನ್ಯಾಟನ್ನು ಒಪ್ಪಿಕೊಂಡು, ಗೇಟ್‌ವೇಯ ‘ಡಿಎಂಝಡ್’ ಆಯ್ಕೆಯಲ್ಲಿ ಸ್ವಂತ ರೌಟರ್‌ನ ವಿಳಾಸವನ್ನು ನಮೂದಿಸಲಾಗುತ್ತದೆ. ಆಗ ಹೊರಗಿನಿಂದ ಬರುವ ಸಂಪರ್ಕಗಳನ್ನು ಗೇಟ್‌ವೇ ಸ್ವಂತ ರೌಟರ್‌ಗೆ ದಾಟಿಸುತ್ತದೆ. ಈ ವಿಧಾನದಲ್ಲಿ ಗೇಟ್‌ವೇಯ ವೈ-ಫೈಯನ್ನು ಆರಿಸಿಡುವುದು ಒಳಿತು. ಇಲ್ಲವಾದರೆ ಮನೆಯ ಸಾಧನಗಳು ಎರಡು ಜಾಲಗಳಲ್ಲಿ ಹಂಚಿಹೋಗಿ ಪ್ರಿಂಟರ್, ಟಿವಿ ಮೊದಲಾದವು ಪರಸ್ಪರ ಕಾಣಿಸದಂತಾಗುತ್ತವೆ.

ಸೇವಾ ಸಂಸ್ಥೆಯ ಮಟ್ಟದ ನ್ಯಾಟ್

ಬ್ರಿಡ್ಜ್ ಮಾಡಿದ ನಂತರವೂ ಹೊರಗಿನಿಂದ ಸಂಪರ್ಕ ಸಾಧ್ಯವಾಗದಿರಲು ಸಾಮಾನ್ಯ ಕಾರಣ ಸೇವಾ ಸಂಸ್ಥೆಯೇ ನಡೆಸುವ ನ್ಯಾಟ್. ವಿಳಾಸಗಳ ಜಾಗತಿಕ ಭಂಡಾರವು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಬಳಿಕ ಅನೇಕ ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವ ‘ಸಿಜಿನ್ಯಾಟ್’ ಪದ್ಧತಿ ವ್ಯಾಪಕವಾಯಿತು. 2012ರಲ್ಲಿ 100.64ರಿಂದ 100.127ರವರೆಗಿನ ಸರಣಿಯನ್ನು ಇದಕ್ಕಾಗಿಯೇ ಮೀಸಲಿಡಲಾಯಿತು.

ಸ್ವಂತ ರೌಟರ್‌ನ ವ್ಯಾನ್ ವಿಳಾಸವನ್ನು ನೋಡಿ ಸ್ಥಿತಿಯನ್ನು ಗುರುತಿಸಬಹುದು:

* 192.168ರಿಂದ ಆರಂಭವಾಗಿದ್ದರೆ ಮನೆಯ ಗೇಟ್‌ವೇಯಲ್ಲೇ ಇನ್ನೊಂದು ನ್ಯಾಟ್ ನಡೆಯುತ್ತಿರುವ ಸಾಧ್ಯತೆ ಹೆಚ್ಚು.
* 100.64–100.127 ಸರಣಿಯಲ್ಲಿದ್ದರೆ ಸೇವಾ ಸಂಸ್ಥೆಯ ಮಟ್ಟದಲ್ಲಿ ಸಿಜಿನ್ಯಾಟ್ ಇದೆ.
* ಐಪಿ ವಿಳಾಸ ತೋರಿಸುವ ಜಾಲತಾಣದಲ್ಲಿ ಕಾಣುವ ವಿಳಾಸಕ್ಕೆ ಸಮನಾಗಿದ್ದರೆ ಸಾರ್ವಜನಿಕ ವಿಳಾಸ ದೊರೆತಿದೆ.

ಸಿಜಿನ್ಯಾಟ್ ಇರುವಲ್ಲಿ ಎಷ್ಟೇ ಬೆಲೆಯ ರೌಟರ್ ಕೊಂಡರೂ ಹೊರಗಿನಿಂದ ದಾರಿ ತೆರೆಯಲಾಗದು. ಸ್ಥಿರ ಸಾರ್ವಜನಿಕ ವಿಳಾಸವನ್ನು ಬಾಡಿಗೆಗೆ ಪಡೆಯುವುದು, ಕ್ಯಾಮೆರಾ ತಯಾರಕರ ಕ್ಲೌಡ್ ಸೇವೆ ಬಳಸುವುದು, ಒಳಗಿನಿಂದಲೇ ಆರಂಭವಾಗುವ ವಿಪಿಎನ್ ಹೂಡುವುದು ಅಥವಾ 128 ಬಿಟ್ ವಿಳಾಸಗಳ ಐಪಿ ಆರನೆಯ ಆವೃತ್ತಿಯನ್ನು ಬಳಸುವುದು ಇದಕ್ಕಿರುವ ಪರಿಹಾರಗಳು. ಆರನೆಯ ಆವೃತ್ತಿಯಲ್ಲಿ ಪ್ರತಿ ಸಾಧನಕ್ಕೂ ಸಾರ್ವಜನಿಕ ವಿಳಾಸ ದೊರೆಯಬಹುದಾದ್ದರಿಂದ ರೌಟರ್‌ನ ಫೈರ್‌ವಾಲ್ ಚಾಲನೆಯಲ್ಲಿರುವುದು ಅವಶ್ಯ.

ಮನೆ ಮತ್ತು ತೋಟದಲ್ಲಿ ವೈ-ಫೈ

5 ಗಿಗಾಹರ್ಟ್ಸ್ ವೈ-ಫೈ ಹೆಚ್ಚು ವೇಗ ನೀಡುತ್ತದೆಯಾದರೂ ಗೋಡೆಗಳನ್ನು ದಾಟುವಾಗ 2.4 ಗಿಗಾಹರ್ಟ್ಸ್‌ಗಿಂತ ಬೇಗ ಕ್ಷೀಣಿಸುತ್ತದೆ. ಕೊಡಗಿನ ಐನ್‌ಮನೆಗಳಂತಹ ಹಳೆಯ ಕಟ್ಟಡಗಳ ದಪ್ಪ ಗೋಡೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಂತಹ ಮನೆಗಳಲ್ಲಿ ಒಂದೇ ಶಕ್ತಿಶಾಲಿ ರೌಟರ್‌ಗಿಂತ, ತಂತಿಯಿಂದ ಜೋಡಿಸಿದ ಎರಡು ಅಥವಾ ಮೂರು ಸಾಧಾರಣ ಆಕ್ಸೆಸ್ ಪಾಯಿಂಟ್‌ಗಳು ಉತ್ತಮ ಫಲ ನೀಡುತ್ತವೆ.

ತಾಮ್ರದ ಈಥರ್ನೆಟ್ ತಂತಿಯ ಮಿತಿ 100 ಮೀಟರ್. ಮುಖ್ಯ ಮನೆಯಿಂದ ಗೋದಾಮು, ಕಣ ಅಥವಾ ಲೈನ್‌ಮನೆಗಳಿಗೆ ಇದಕ್ಕಿಂತ ಹೆಚ್ಚು ದೂರವಿದ್ದರೆ ಫೈಬರ್ ಎಳೆಯಬೇಕು, ಇಲ್ಲವೇ ಎದುರುಬದುರಾದ ಆಂಟೆನಾಗಳ ತಂತಿರಹಿತ ಸಂಪರ್ಕ ಹೂಡಬೇಕು. ಎರಡನೆಯದಕ್ಕೆ ನಡುವೆ ಮರಗಳ ಅಡ್ಡಿ ಇರಬಾರದು. ಕಾಫಿ ತೋಟದ ನೆರಳಿನ ಮರಗಳು, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಈ ತರಂಗಗಳನ್ನು ಗಣನೀಯವಾಗಿ ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಸರಿಯಾಗಿದ್ದ ಸಂಪರ್ಕ ಮಳೆಗಾಲದಲ್ಲಿ ಕುಂದಲು ಇದೂ ಒಂದು ಕಾರಣ.

ಹೋಂಸ್ಟೇ ನಡೆಸುವ ಮನೆಗಳಲ್ಲಿ ಅತಿಥಿಗಳಿಗೆ ‘ಗೆಸ್ಟ್’ ಜಾಲವನ್ನು ಪ್ರತ್ಯೇಕಿಸುವುದರಿಂದ ಮನೆಯವರ ಗಣಕಯಂತ್ರ ಮತ್ತು ಕ್ಯಾಮೆರಾಗಳು ಅವರಿಗೆ ಕಾಣಿಸುವುದಿಲ್ಲ.

ಭದ್ರತೆ

ಕಾರ್ಖಾನೆಯಲ್ಲಿ ನಮೂದಿಸಿದ ಗುಪ್ತಪದವನ್ನು ಬದಲಾಯಿಸದಿರುವುದು ಮನೆಯ ಜಾಲಗಳ ದೊಡ್ಡ ದೌರ್ಬಲ್ಯ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಇಂತಹ ಗುಪ್ತಪದಗಳನ್ನು ಬಳಸಿ ಜಗತ್ತಿನಾದ್ಯಂತ ಕ್ಯಾಮೆರಾ ಹಾಗೂ ರೌಟರ್‌ಗಳನ್ನು ವಶಪಡಿಸಿಕೊಂಡಿತು. 2017ರ ಜುಲೈನಲ್ಲಿ ಕರ್ನಾಟಕವೂ ಸೇರಿದಂತೆ ಭಾರತ ಸಂಚಾರ ನಿಗಮದ ಅನೇಕ ಗ್ರಾಹಕರ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ತುತ್ತಾದವು. ಮೂಲ ಗುಪ್ತಪದ ಬದಲಾಯಿಸಿಕೊಳ್ಳುವಂತೆ ಸಂಸ್ಥೆಯು ಆಗ ಗ್ರಾಹಕರಿಗೆ ಸೂಚಿಸಿತು.

ಸ್ವಂತ ರೌಟರ್ ಬಳಸಿದಾಗ ತಂತ್ರಾಂಶ ನವೀಕರಣದ ಹೊಣೆ ಬಳಕೆದಾರರದೇ ಆಗುತ್ತದೆ. ಗೇಟ್‌ವೇಯನ್ನು ಸೇವಾ ಸಂಸ್ಥೆಯು ದೂರದಿಂದಲೇ ಪರೀಕ್ಷಿಸಬಲ್ಲದು. ಸ್ವಂತ ರೌಟರ್‌ಗೆ ಆ ಅನುಕೂಲ ಇರುವುದಿಲ್ಲ. ಮಕ್ಕಳು ಹೊರ ಊರಿನಲ್ಲಿದ್ದು ಹಿರಿಯರಷ್ಟೇ ಇರುವ ಮನೆಗಳಲ್ಲಿ, ಸಂಯೋಜನೆಯ ವಿವರಗಳನ್ನು ಕಾಗದದಲ್ಲಿ ಬರೆದು ಸುರಕ್ಷಿತ ಜಾಗದಲ್ಲಿ ಇಡುವುದು ಉಪಯುಕ್ತ.

ಮಳೆ, ಸಿಡಿಲು ಮತ್ತು ವಿದ್ಯುತ್

ಗೇಟ್‌ವೇಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗಿದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಇದನ್ನು ರೌಟರ್‌ನಿಂದ ಸರಿಪಡಿಸಲಾಗದು. ಆ ದೀಪ ಆರಿದ್ದು, ‘ಪಾನ್’ ದೀಪ ಸ್ಥಿರವಾಗಿ ಬೆಳಗುತ್ತಿದ್ದೂ ಅಂತರಜಾಲ ಇಲ್ಲದಿದ್ದರೆ ಲಾಗಿನ್ ಅಥವಾ ರೌಟರ್ ಸಂಯೋಜನೆಯನ್ನು ಪರಿಶೀಲಿಸಬೇಕು.

ಗಾಜಿನ ಎಳೆ ವಿದ್ಯುತ್ತನ್ನು ಹರಿಸುವುದಿಲ್ಲ. ಆದರೆ ಫೈಬರ್ ಕೇಬಲ್‌ನೊಳಗಿನ ಆಧಾರದ ಉಕ್ಕಿನ ತಂತಿ, ಕಟ್ಟಡಗಳ ನಡುವಿನ ತಾಮ್ರದ ತಂತಿ ಹಾಗೂ ವಿದ್ಯುತ್ ಅಡಾಪ್ಟರ್‌ಗಳ ಮೂಲಕ ಸಿಡಿಲಿನ ಆಘಾತ ಒಳಬರಬಹುದು. ಗುಡುಗು ಆರಂಭವಾಗುವ ಮೊದಲೇ ಅಡಾಪ್ಟರ್‌ಗಳನ್ನು ಕಳಚಿಡುವುದು ಸುರಕ್ಷಿತ. ಸಿಡಿಲಿನಿಂದ ಕೆಟ್ಟ ಒಎನ್‌ಟಿಯ ಬದಲಿಗೆ ಬರುವ ಹೊಸದು ಸಾಮಾನ್ಯವಾಗಿ ರೌಟರ್ ವಿಧಾನದಲ್ಲೇ ಇರುತ್ತದೆ. ಅದನ್ನು ಮತ್ತೆ ಬ್ರಿಡ್ಜ್ ಮಾಡಿಸದಿದ್ದರೆ ಮೊದಲಿನ ಜೋಡಣೆ ಕೆಲಸ ಮಾಡುವುದಿಲ್ಲ.

ವಿದ್ಯುತ್ ಕಡಿತದ ವೇಳೆ ಗೇಟ್‌ವೇ ಮತ್ತು ಸ್ವಂತ ರೌಟರ್ ಎರಡಕ್ಕೂ ಬ್ಯಾಟರಿ ಬೆಂಬಲ ಇರಬೇಕು. ಒಂದು ಆರಿದರೂ ಸಂಪರ್ಕ ನಿಲ್ಲುತ್ತದೆ. ಕಿರು ಯುಪಿಎಸ್ ಕೊಳ್ಳುವಾಗ ಎರಡೂ ಸಾಧನಗಳ ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹದ ಅಗತ್ಯಕ್ಕೆ ಅದು ಹೊಂದುತ್ತದೆಯೇ ಎಂದು ನೋಡಬೇಕು.

ಕಾನೂನು

ಅಮೆರಿಕದಲ್ಲಿ 1968ರ ಕಾರ್ಟರ್‌ಫೋನ್ ತೀರ್ಮಾನವು ದೂರವಾಣಿ ಜಾಲಕ್ಕೆ ಬೇರೆಯವರ ಸಾಧನಗಳನ್ನು ಜೋಡಿಸಲು ದಾರಿ ಮಾಡಿತು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರಿಗೆ ಮೋಡೆಮ್ ಮತ್ತು ರೌಟರ್‌ಗಳನ್ನು ತಾವೇ ಆರಿಸಿಕೊಳ್ಳುವ ಹಕ್ಕು ದೊರೆತಿದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಬಳಕೆಗೆ 2005ರಲ್ಲಿ ಪರವಾನಗಿ ವಿನಾಯಿತಿ ನೀಡಲಾಯಿತು. 5 ಗಿಗಾಹರ್ಟ್ಸ್‌ನ ವಿನಾಯಿತಿಯನ್ನು 2018ರಲ್ಲಿ ವಿಸ್ತರಿಸಲಾಯಿತು. ಆದುದರಿಂದ ಮನೆಯಲ್ಲಿ ವೈ-ಫೈ ರೌಟರ್ ಬಳಸಲು ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಸಾಧನವು ನಿಗದಿತ ಮಾನದಂಡಕ್ಕೆ ಅನುಗುಣವಾಗಿರಬೇಕು.

ಇವನ್ನೂ ನೋಡಿ

* ಅಂತರಜಾಲ
* ಐಪಿ ವಿಳಾಸ
* ವೈ-ಫೈ
* ದ್ಯುತಿ ತಂತು
* ಕೊಡಗು